ಮಾವ ಕಾದ ಗೋಡೆ

ಗಾಜಿನ ಕಾರ್ಖಾನೆಯಲ್ಲಿ ನನಗೆ ಕೆಲಸ ಕೊಡಿಸಿದ್ದು ಸೋದರಮಾವ. ಅವರ ಅಕ್ಕನ ಮಗ ಎನ್ನುವುದೊಂದೇ ನನ್ನ ಅರ್ಹತೆ. ಇಪ್ಪತ್ತಾರು ವರ್ಷ ಕುಲುಮೆಯ ಗೋಡೆ ಕಾದ ಅವರನ್ನು ಎಲ್ಲರೂ 'ಗೋಡೆ ಡಾಕ್ಟ್ರು' ಎನ್ನುತ್ತಿದ್ದರು. "ನನ್ನ ಮುಖಾನ ಅಷ್ಟು ನೋಡಿದ್ದಿದ್ರೆ ನಾನೂ ಕರಗ್ತಿದ್ದೆ," ಎಂದು ಅತ್ತೆ ಅಣಕಿಸುತ್ತಿದ್ದರು.

ಹಳೆಯ ಕುಲುಮೆ ಒಡೆದಾಗ ಸಿಕ್ಕ ಇಟ್ಟಿಗೆಯೊಂದನ್ನು ಮಾವ ನನಗೆ ತೋರಿಸಿದ್ದರು. ಗೇಣು ದಪ್ಪದ್ದು ಎರಡು ಬೆರಳಿಗೆ ಇಳಿದಿತ್ತು. "ಆ ಶಾಖಕ್ಕೆ ಜೇಡಿಮಣ್ಣು ಒಳಗೊಳಗೇ ಸೂಜಿ ಸೂಜಿ ಹರಳಾಗುತ್ತೆ ಕಣೋ. ಸೂಜಿ ಗಟ್ಟಿ, ಸಂದಿಯಲ್ಲಿರೋದು ಮೆತ್ತಗೆ. ಕರಗಿದ ಗಾಜು ಮೊದಲು ಅದನ್ನ ನೆಕ್ಕುತ್ತೆ. ಆಮೇಲೆ ಸೂಜಿಗೆ ಯಾರು ದಿಕ್ಕು?" ಗಾಜಿನ ಮೇಲ್ಮಟ್ಟ ತಾಗುವ ಸಾಲು ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಅದು ತಣ್ಣಗಿರಲು ಹೊರಗಿನಿಂದ ಕೊಳವೆಯಲ್ಲಿ ಗಾಳಿ ಬೀಸುತ್ತಲೇ ಇರಬೇಕು.

ಒಂದು ಮಧ್ಯಾಹ್ನ, ಗೋಡೆ ಕಾಯುವ ಸರದಿಯಲ್ಲಿ, ಕೊಳವೆಯ ಬಾಯನ್ನು ನಾನು ನನ್ನತ್ತ ತಿರುಗಿಸಿಕೊಂಡೆ. ಐದೇ ನಿಮಿಷಕ್ಕೆಂದು. ಕಲ್ಲೇ ಕರಗುವ ಜಾಗದಲ್ಲಿ ನನಗೆ ನನ್ನ ಬೆವರೇ ದೊಡ್ಡ ಸಂಗತಿಯಾಗಿತ್ತು. ತಂಗಾಳಿಗೆ ಜೊಂಪು ಹತ್ತಿತು.

ಕಣ್ಣು ಬಿಟ್ಟಾಗ ಗೋಡೆಯಲ್ಲಿ ಅಂಗೈಯಗಲ ಕಿತ್ತಳೆ ಬಣ್ಣ. ನೋಡನೋಡುತ್ತಲೇ ಅದು ಹಳದಿಗೆ ತಿರುಗಿತು. ಕಾಲುಗಳು ನನ್ನನ್ನು ಕೇಳದೆ ಬಾಗಿಲು ಸೇರಿದ್ದವು. ಎದುರಿಗೆ ಮಾವ.

"ಗೋಡೆ..." ಎಂದೆ, ಅಷ್ಟೇ.

ಅವರು ನನ್ನನ್ನು ಪಕ್ಕಕ್ಕೆ ತಳ್ಳಿ, ನೀರಿನ ಪೈಪ್ ಎಳೆದುಕೊಂಡು ಒಳನುಗ್ಗಿದರು. ಇಟ್ಟಿಗೆಯ ಸಂದಿಯಿಂದ ಗಾಜು ಜೇನುತುಪ್ಪದಂತೆ ಇಳಿಯತೊಡಗಿತ್ತು. ಬಿರುಕು ಬಾಯಿಬಿಟ್ಟರೆ ಕುಲುಮೆಯ ಗಾಜೆಲ್ಲ ಅವರ ಮೈಮೇಲೆ.

"ಮಾವ, ಈಚೆ ಬನ್ನಿ!"

"ಕೊಳವೆ ತಿರುಗ್ಸೋ ಮುಠ್ಠಾಳ! ಅಲ್ಲಿ ನಿಂತು ಅಳ್ಬೇಡ!"

ಹೋದೆ. ಧೈರ್ಯ ಬಂದು ಹೋದದ್ದಲ್ಲ. ಅತ್ತೆಗೆ ಏನು ಹೇಳುವುದೆಂಬ ಭಯ ಬೆಂಕಿಯ ಭಯಕ್ಕಿಂತ ಗುಲಗಂಜಿಯಷ್ಟು ಹೆಚ್ಚಿತ್ತು. ತೋಳಿನ ರೋಮ ಸೀದ ವಾಸನೆ ಬಂತು. ಕೊಳವೆಯನ್ನು ಗೋಡೆಗೆ ತಿರುಗಿಸಿದೆ. ದಟ್ಟ ಆವಿ. ಮಾವ ಕಾಣಲಿಲ್ಲ.

ಆವಿ ತಿಳಿಯಾದಾಗ, ಸೋರಿದ ಗಾಜು ಸಂದಿಯಲ್ಲೇ ಹೆಪ್ಪುಗಟ್ಟಿ ತಾನೇ ಬಿರಡೆಯಾಗಿತ್ತು. ಮಾವ ನಿಂತಿದ್ದರು.

"ಕೊಳವೇನ ಮೊದಲು ಆಚೆ ತಿರುಗ್ಸಿದ್ದು ಯಾರು?"

"ನಾನೇ."

ಅವರು ಬೈಯಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಭಯವಾಯಿತು.

"ಇಲ್ಲೇ ನಿಲ್ಲು. ಬಣ್ಣ ನೋಡ್ತಿರು. ಒಳಗೆ ಗಾಜು ನೆಕ್ಕೋದು ನಿಲ್ಸಿಲ್ಲ."

ಪೈಪನ್ನು ನನ್ನತ್ತ ಚಾಚಿದರು. ಆದರೆ ಅವರ ಬೆರಳುಗಳು ಬಿಡಲೊಲ್ಲವು. ಒಂದೊಂದನ್ನಾಗಿ ನಾನೇ ಬಿಡಿಸಿದೆ.