ನೆರಿಯಕ್ಕೆ ಆಡು ಕೇಳಲು ಹೋದದ್ದು

ಬಂಟ್ವಾಳದಿಂದ ಬೆಳಗಿನ ಬಸ್ಸು ಹೊರಟಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಬೆಳ್ತಂಗಡಿಗೆ ಹನ್ನೆರಡಾಣೆ. ನಾನು ಹೊರಟದ್ದು ನೆರಿಯದ ಐಸಮ್ಮನಲ್ಲಿಗೆ. ಎಂಥ ಮಳೆಗಾಲದಲ್ಲೂ ಅವರ ಹಟ್ಟಿಯ ಆಡು ಸಾಯುವುದಿಲ್ಲವೆಂದು ಪೇಟೆಯಲ್ಲಿ ಕೇಳಿದ್ದೆ. ಸಾಕುವ ಕ್ರಮ ಕಲಿತು, ಒಂದು ಹೆಣ್ಣಾಡು ಕೊಂಡು ಅಕ್ಕನಿಗೆ ಕೊಡಬೇಕೆಂದಿದ್ದೆ. ಅವಳ ಎರಡು ಆಡುಗಳು ಎರಡು ವರ್ಷದ ಹಿಂದೆ ನನ್ನ ಕೈಯಲ್ಲಿ ಸತ್ತಿದ್ದವು. ನೆರೆಮನೆಯ ಕಮಲಕ್ಕನ ಕಣ್ಣು ಬಿತ್ತೆಂದು ಸುಳ್ಳು ಹೇಳಿದ್ದೆ. ಅಂದಿನಿಂದ ಆ ಎರಡು ಮನೆಗಳ ನಡುವೆ ಮಾತಿಲ್ಲ.

ಬೆಳ್ತಂಗಡಿಯಲ್ಲಿ ಗೋಳಿಬಜೆ ತಿಂದು ಚಾ ಕುಡಿದೆ. ಉಜಿರೆ ದಾಟುವ ತನಕ ಎತ್ತಿನ ಗಾಡಿ ಸಿಕ್ಕಿತು, ಮುಂದೆ ಕಾಲ್ನಡಿಗೆ. ಘಟ್ಟ ಹತ್ತಿರವಾದಂತೆ ಗಾಳಿ ತಣ್ಣಗಾಯಿತು. ನೆರಿಯ ತಲಪುವಾಗ ಮಧ್ಯಾಹ್ನ ಕಳೆದಿತ್ತು.

ಐಸಮ್ಮ ಅರುವತ್ತು ದಾಟಿದ ಬ್ಯಾರಿ ಹೆಂಗಸು. ಅವರ ಆಡುಗಳು ನೆಲದ ಮೇಲೆ ಮಲಗುವುದಿಲ್ಲ. ಸೊಂಟದೆತ್ತರದಲ್ಲಿ ಅಡಕೆ ಮರದ ಸಲಾಕೆಗಳ ಅಟ್ಟ. ನಡುವೆ ಬೆರಳಗಲದ ಸಂದು. ಹಿಕ್ಕೆಯೂ ಮೂತ್ರವೂ ಕೆಳಗೆ ಬೀಳುತ್ತವೆ, ಮೇಲೆ ಒಣಗಿರುತ್ತದೆ. ನೋಡಲು ನಾನು ಅಟ್ಟದ ಅಡಿಗೆ ನುಗ್ಗಿದೆ.

“ಅಲ್ಲಿ ಎಂಥ ಹುಡುಕ್ತಿ, ಚಿನ್ನವಾ?” ಎಂದು ಐಸಮ್ಮ ನಕ್ಕರು.

ಹಲಸಿನ ಸೊಪ್ಪನ್ನು ಹಗ್ಗದಲ್ಲಿ ಕಟ್ಟಿ ತೂಗಿಸಿದ್ದರು. ತುಳಿದ ಸೊಪ್ಪನ್ನು ಆಡು ಮೂಸುವುದೂ ಇಲ್ಲವಂತೆ. ಇಬ್ಬನಿ ಆರುವ ತನಕ ಹೊರಗೆ ಬಿಡಬಾರದಂತೆ. ಇಷ್ಟು ಕಾಲ ಇದೊಂದೂ ನನಗೆ ಗೊತ್ತಿರಲಿಲ್ಲ. ಕೊನೆಗೆ ಆಡು ಕೇಳಿದೆ.

“ಮೊದಲಿನದ್ದು ಹೇಗೆ ಸತ್ತಿತು?” ಆಡು ಕೇಳಿ ಬಂದವರಿಗೆಲ್ಲ ಅವರು ಕೇಳುವ ಪ್ರಶ್ನೆ ಅದು.

“ಕಣ್ಣು ಬಿದ್ದು.”

“ಹೊಟ್ಟೆ ಉಬ್ಬಿತ್ತಾ? ಯಾವ ಬದಿ?”

ನನ್ನ ಕೈ ತಾನಾಗಿ ಎಡ ಪಕ್ಕೆಗೆ ಹೋಯಿತು.

“ಕಣ್ಣಿಗೆ ಎಡ ಬಲ ಉಂಟಾ ಮಾರಾಯ? ಎಂಥ ತಿನ್ನಿಸಿದ್ದಿ, ಹೇಳು.”

ಹೇಳಿದೆ. ಅಕ್ಕ ಮಗಳ ಬಾಣಂತನಕ್ಕೆ ಮೂಡಬಿದಿರೆಗೆ ಹೋಗಿದ್ದಳು. ಮಳೆಯಲ್ಲಿ ಸೊಪ್ಪು ಕಡಿಯಲು ನನಗೆ ಉದಾಸೀನ. ಹತ್ತಿರದಲ್ಲೊಂದು ಮದುವೆಯಾಗಿತ್ತು. ಅಲ್ಲಿ ಉಳಿದ ಅನ್ನ ಎರಡು ಬುಟ್ಟಿ ತಂದು ಆಡುಗಳ ಮುಂದೆ ಸುರಿದೆ. ಮರುದಿನ ಎರಡೂ ಕಾಲು ಚಾಚಿ ಬಿದ್ದಿದ್ದವು.

“ಅಷ್ಟು ಅನ್ನ ಒಳಗೆ ಹುಳಿಯಾಗ್ತದೆ” ಎಂದರು ಐಸಮ್ಮ. “ಆಡು ಉಂಟು. ಆದರೆ ನಿನ್ನ ಕೈಗೆ ಕೊಡುವುದಿಲ್ಲ. ಅಕ್ಕನಿಗೆ ಇದ್ದದ್ದು ಹೇಳಿ, ಅವಳನ್ನು ಕರ್ಕೊಂಡು ಬಾ.”

ರಾತ್ರಿ ಅವರ ಜಗಲಿಯಲ್ಲಿ ಮಲಗಿ, ಬೆಳಗ್ಗೆ ಬರಿಗೈಯಲ್ಲಿ ಹಿಂತಿರುಗಿದೆ.

ಬಂಟ್ವಾಳದಲ್ಲಿ ಅಕ್ಕ ಭತ್ತ ಒಣಗಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಭತ್ತದಲ್ಲಿ ಕೈಯಾಡಿಸುತ್ತಲೇ ಕೇಳಿದಳು. “ಆಡು ಹೋಯಿತು, ಇರಲಿ. ಇದರಿಂದಾಗಿ ಕಳೆದ ವರ್ಷ ಕಮಲಕ್ಕನ ಮಗಳ ಮದುವೆಗೆ ನಾನು ಹೋಗಲಿಲ್ಲವಲ್ಲ ತಮ್ಮಾ” ಎಂದಳು. ಎದ್ದು ಸೆರಗು ಸಿಕ್ಕಿಸಿದಳು. “ನಡಿ, ಅಲ್ಲಿ ನೀನೇ ಹೇಳು.”

ಕಮಲಕ್ಕ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದರು. ಅಕ್ಕನಿಗೆ ಮಣೆ ಹಾಕಿದರು, ನನಗೆ ಹಾಕಲಿಲ್ಲ. ನಿಂತುಕೊಂಡೇ ಹೇಳಿದೆ.