ಸೀಟಿ ಮೇಡಂ ಕ್ಯಾಮೆರಾ ಕೊಂಡದ್ದು

ಆ ಶಾಲೆಯಲ್ಲಿ ಆಟ, ವ್ಯಾಯಾಮ ಹೇಳಿಕೊಡುವ ಮೇಡಂಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಮಕ್ಕಳಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ, ಕೊನೆಗೆ ಹೆಡ್‌ಮಾಸ್ಟರಿಗೂ ಅವರು ಸೀಟಿ ಮೇಡಂ. ಮನೆಯಲ್ಲಿ ಗಂಡನನ್ನು ಊಟಕ್ಕೆ ಕರೆಯುವುದಕ್ಕೂ ಸೀಟಿಯನ್ನೇ ಊದುತ್ತಾರೆ ಎಂದು ಮಕ್ಕಳು ಮಾತಾಡಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ಒಂದೆರಡು ಸಲ ಊದಿದ್ದು ಮಾತ್ರ ನಿಜ.

ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವರ ಜಾಯಮಾನ. ಓಟದ ಪಂದ್ಯದಲ್ಲಿ ಸ್ವಂತ ತಂಗಿಯ ಮಗಳನ್ನೇ ನಾಲ್ಕನೆಯವಳು ಎಂದು ಬರೆದು, ತಂಗಿ ವರ್ಷವಿಡೀ ಮಾತು ಬಿಟ್ಟರೂ ಜಗ್ಗದ ಹೆಂಗಸು. ತಾವು ಕಣ್ಣಾರೆ ಕಂಡದ್ದನ್ನು ಇನ್ನೊಬ್ಬರು ಅಲ್ಲ ಎಂದರೆ ಮಾತ್ರ ಅವರಿಗೆ ತಡೆಯಲಾಗುತ್ತಿರಲಿಲ್ಲ. ಅವರ ಹತ್ತಿರ ಉದ್ದ ಜಿಗಿತ ಕಲಿಯುತ್ತಿದ್ದ ಬೇಕರಿಯವನ ಮಗಳು ಅದನ್ನೇ ಅಂದಳು.

ಮೈದಾನದ ಒಂದು ಮೂಲೆಯಲ್ಲಿ ಉದ್ದ ಜಿಗಿತದ ಜಾಗ. ಓಡಿ ಬರುವುದಕ್ಕೆ ಗಟ್ಟಿ ನೆಲ, ಅದರ ಕೊನೆಯಲ್ಲಿ ನೆಲಕ್ಕೆ ಸಮನಾಗಿ ಹೂತ ಮರದ ಹಲಗೆ, ಹಲಗೆಯ ಅಂಚಿಗೆ ಬಿಳಿ ಗೆರೆ, ಆಚೆ ಮರಳಿನ ಗುಂಡಿ. ಹಲಗೆಯ ಮೇಲೆ ಕಾಲಿಟ್ಟು ಹಾರಬೇಕು. ಬೆರಳಿನ ತುದಿ ಗೆರೆ ದಾಟಿತೋ, ಎಷ್ಟೇ ದೂರ ಹಾರಿದರೂ ಲೆಕ್ಕಕ್ಕಿಲ್ಲ. ಮೇಡಂ ಕೆಂಪು ಬಾವುಟ ಎತ್ತಿಬಿಡುತ್ತಾರೆ. ಅವರ ಕುರ್ಚಿ ಪಕ್ಕಕ್ಕೆ ಹತ್ತು ಮಾರು ದೂರದ ಕಾಂಪೌಂಡು ಗೋಡೆಯ ನೆರಳಿನಲ್ಲಿ, ಹಲಗೆಗಿಂತ ಎರಡು ಹೆಜ್ಜೆ ಹಿಂದಕ್ಕೆ, ಮಕ್ಕಳು ಓಡಿ ಬರುವ ಕಡೆಗಿತ್ತು. ಬಿಸಿಲು ತಾಗದ ಜಾಗ ಅದೊಂದೇ. ವರ್ಷಗಟ್ಟಲೆ ಕೂತು ಕೂತು ಕುರ್ಚಿಯ ಕಾಲುಗಳು ಅಲ್ಲಿ ನಾಲ್ಕು ಕುಳಿ ತೋಡಿಕೊಂಡಿದ್ದವು.

ಬೇಕರಿಯವನ ಮಗಳು ಹಾರಿದರೆ ಗುಂಡಿಯ ಕೊನೆಯ ಮರಳಿಗೂ ಆ ದಿನ ಕೆಲಸ ಸಿಗುತ್ತಿತ್ತು. ಅಂಥ ಹುಡುಗಿ ಶಾಲೆಯಲ್ಲಿ ಇನ್ನೊಬ್ಬಳಿರಲಿಲ್ಲ. ಆದರೆ ಮೂರು ಸಲ ಹಾರಿದರೆ ಎರಡು ಸಲ ಕೆಂಪು ಬಾವುಟ. ಮುಂದಿನ ವಾರ ಎಲ್ಲ ಶಾಲೆಗಳ ಆಯ್ಕೆ ಪಂದ್ಯ. ಪ್ರತಿ ಶಾಲೆಯಿಂದ ಒಬ್ಬಳನ್ನೇ ಕಳಿಸಬೇಕು. ಮೇಡಂ ಇನ್ನೊಬ್ಬಳ ಹೆಸರು ಬರೆಯಲು ಹೊರಟಾಗ ಹುಡುಗಿ ಬಂದು ಎದುರು ನಿಂತಳು.

"ಮೇಡಂ, ನಾನು ಗೆರೆ ದಾಟ್ತಿಲ್ಲ."

"ದಾಟ್ತಿದೀಯ. ನಾನೇನು ಕಣ್ಣು ಮುಚ್ಕೊಂಡು ಕೂತಿದೀನಾ?"

"ನನ್ನ ಕಾಲು ಎಲ್ಲಿ ಬೀಳತ್ತೆ ಅಂತ ನಂಗೆ ಗೊತ್ತಾಗಲ್ವಾ ಮೇಡಂ?"

ಮೇಡಂಗೆ ರೇಗಿಹೋಯಿತು.

"ಸರಿ ಹಾಗಾದ್ರೆ. ಫೋಟೊ ತೆಗೆದು ನಿನ್ನ ಕಣ್ಣಿಗೇ ತೋರಿಸ್ತೀನಿ. ಆಮೇಲೆ ತುಟಿ ಪಿಟಿಕ್ ಅನ್ನಬಾರದು."

"ಅನ್ನಲ್ಲ. ದಾಟಿದ್ರೆ ನಾನೇ ಬಿಟ್ಬಿಡ್ತೀನಿ, ಇನ್ನು ಈ ಗುಂಡಿ ಹತ್ರಾನೂ ಬರಲ್ಲ. ದಾಟಿಲ್ಲ ಅಂದ್ರೆ?"

"ದಾಟಿಲ್ಲ ಅಂದ್ರೆ ಆಯ್ಕೆಗೆ ಹೋಗೋದು ನೀನೇ."

ಮಾತು ಕೊಟ್ಟಾಯಿತು. ತಮ್ಮ ಹತ್ತಿರ ಕ್ಯಾಮೆರಾ ಇಲ್ಲ ಎಂಬುದು ಮೇಡಂಗೆ ಮನೆಗೆ ಹೋಗುವ ದಾರಿಯಲ್ಲಿ ನೆನಪಾಯಿತು.

ಕ್ಯಾಮೆರಾ ಅಂಗಡಿಯವನು ಅವರ ಹಳೆಯ ಶಿಷ್ಯ. ತಡವಾಗಿ ಬಂದದ್ದಕ್ಕೆ ಅವನಷ್ಟು ಸುತ್ತು ಮೈದಾನ ಓಡಿದವರು ಯಾರೂ ಇಲ್ಲ. ಮೇಡಂ ಒಳಗೆ ಕಾಲಿಟ್ಟ ಕೂಡಲೇ, ಈಗಲೂ ಓಡಬೇಕೇನೋ ಎಂಬಂತೆ ಎದ್ದು ನಿಂತ. ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ತಂದಿಟ್ಟ. ಒಂದು ಅಂಗೈಯಗಲದ ಕಾಂಪ್ಯಾಕ್ಟು. ಇನ್ನೊಂದು ಮೂತಿ ಮುಂದೆ ಮಾಡಿ ಕೂತ ದಪ್ಪ ಡಿಎಸ್ಎಲ್ಆರ್, ಹೊಸದಾಗಿ ಕಲಿಯುವವರಿಗೆಂದೇ ಮಾಡಿದ್ದು.

"ಚಿಕ್ಕದಕ್ಕೆ ಜೂಮ್ ಜಾಸ್ತಿ ಮೇಡಂ. ಕೂತಲ್ಲಿಂದಾನೇ ದೂರದ್ದನ್ನ ಹತ್ರ ಎಳ್ಕೋಬಹುದು. ಆದ್ರೆ ಬಟನ್ ಒತ್ತಿದ ಮೇಲೆ ಸ್ವಲ್ಪ ಯೋಚ್ನೆ ಮಾಡಿ ತೆಗೆಯತ್ತೆ. ದೊಡ್ಡದು ಒತ್ತಿದ ತಕ್ಷಣ ತೆಗೆಯತ್ತೆ, ಒತ್ತಿ ಹಿಡಿದ್ರೆ ಪಟಪಟ ಅಂತ ಒಂದರ ಹಿಂದೆ ಒಂದು. ಇದರ ಜೊತೆ ಬರೋ ಲೆನ್ಸ್ ಮಾತ್ರ ಅಷ್ಟು ದೂರದ್ದನ್ನ ಎಳೆಯಲ್ಲ. ನೀವೇ ಹತ್ರ ಹೋಗ್ಬೇಕು."

ಜೊತೆಗೆ ಬಂದಿದ್ದ ಮೇಡಂ ಗಂಡ ಟೈಲರು. ಅವರ ಒಲವು ಆಗಲೇ ಚಿಕ್ಕದರ ಕಡೆಗಿತ್ತು.

"ಇದನ್ನೇ ತಗೊಳ್ಳೇ. ಜೇಬಲ್ಲಿ ಹಿಡಿಯತ್ತೆ."

"ನನ್ನ ಬಟ್ಟೆಗೆ ಜೇಬೆಲ್ಲಿದೆ? ಇಷ್ಟು ವರ್ಷ ಕೇಳಿದ್ರೂ ಹೊಲಿದುಕೊಟ್ಟಿದೀರಾ?"

ಗಂಡ ಗೋಡೆಯ ಮೇಲಿನ ಫೋಟೊಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅಂಗಡಿಯವನು ಎರಡನ್ನೂ ಬಳಸಿ ನೋಡಿ, ಬೇಡದ್ದನ್ನು ವಾಪಸು ತಂದುಕೊಡಿ ಎಂದ. ಗುರುಭಕ್ತಿ ಇನ್ನೂ ಪೂರ್ತಿ ಸತ್ತಿಲ್ಲ.

ಮೊದಲು ಚಿಕ್ಕದರ ಸರದಿ. ಮೇಡಂ ಕುರ್ಚಿಯಲ್ಲಿ ಕೂತು, ಜೂಮ್ ಎಳೆದು, ಹುಡುಗಿ ಹಲಗೆ ತುಳಿಯುತ್ತಿದ್ದಂತೆ ಒತ್ತಿದರು. ಬಂದದ್ದು ಬರೀ ಹಲಗೆಯ ಫೋಟೊ. ಮತ್ತೆ ಒತ್ತಿದರು, ಹಲಗೆ ಮತ್ತು ಹಿಮ್ಮಡಿಯ ಒಂದು ತುಣುಕು. ಹುಡುಗಿ ಗುಂಡಿಯಲ್ಲಿ ಕೂತು ಮರಳು ಕೊಡವಿಕೊಳ್ಳುವ ಹೊತ್ತಿಗೆ ಕ್ಯಾಮೆರಾಕ್ಕೆ ಅವಳು ಹಾರುತ್ತಾಳೆಂದು ಹೊಳೆಯುತ್ತಿತ್ತು. ಇನ್ನೊಬ್ಬರಾಗಿದ್ದರೆ ಅದನ್ನು ಮರಳಿನ ಗುಂಡಿಗೇ ಎಸೆಯುತ್ತಿದ್ದರು. ಮೇಡಂ ಹಟ ಬಿಡಲಿಲ್ಲ. ಅದು ಎಷ್ಟು ತಡ ಮಾಡುತ್ತದೆಂದು ಅಂದಾಜು ಹಾಕಿ, ಹುಡುಗಿ ಇನ್ನೂ ಒಂದು ಹೆಜ್ಜೆ ಹಿಂದಿರುವಾಗಲೇ ಒತ್ತುವುದನ್ನು ರೂಢಿ ಮಾಡಿಕೊಂಡರು. ಸಂಜೆಯ ಹೊತ್ತಿಗೆ ಒಂದು ಫೋಟೊ ಸಿಕ್ಕಿತು. ಶೂಸು ಹಲಗೆಯ ಮೇಲಿತ್ತು, ಅದರ ತುದಿಯಲ್ಲಿ ಬಿಳಿ ಗೆರೆ ಕಾಣುತ್ತಲೇ ಇರಲಿಲ್ಲ.

"ದಾಟಿದಾಳೆ ನೋಡು. ಮುಗೀತಲ್ಲ," ಎಂದರು ಗಂಡ ರಾತ್ರಿಯ ಊಟಕ್ಕೆ ಕೂತು.

ಮೇಡಂಗೂ ಹಾಗೇ ಕಂಡಿತು. ತಾವು ದಿನಾ ನೋಡುತ್ತಿದ್ದುದೇ ಇಲ್ಲಿತ್ತು. ಅಲ್ಲಿಗೇ ಬಿಟ್ಟಿದ್ದರೆ ಚಿಕ್ಕ ಕ್ಯಾಮೆರಾ ಮನೆಯಲ್ಲಿ ಉಳಿಯುತ್ತಿತ್ತು, ಹುಡುಗಿ ಮನೆಗೆ ಹೋಗುತ್ತಿದ್ದಳು. ಆದರೆ ಫೋಟೊ ಮಸುಕಾಗಿತ್ತು. ಶೂಸೆಲ್ಲಿ ಮುಗಿಯುತ್ತದೆ, ನೆಲವೆಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಲು ಬರುತ್ತಿರಲಿಲ್ಲ.

"ಮಸುಕು ಫೋಟೊ ತೋರಿಸಿ ಮಗೂನ ಮನೆಗೆ ಕಳಿಸೋಕಾಗಲ್ಲ ರೀ. ಅವಳು ಬಾಯಿ ಬಿಡದ ಹಾಗೆ ತೋರಿಸ್ಬೇಕು," ಎಂದರು.

ಮರುದಿನ ದೊಡ್ಡದನ್ನು ಕೊರಳಿಗೆ ಹಾಕಿಕೊಂಡು ಹೋದರು. ಕುರ್ಚಿಯಿಂದ ನೋಡಿದರೆ ಶೂಸು ಹುರುಳಿಕಾಳಿನಷ್ಟು. ಕುರ್ಚಿಯಿಂದ ಎದ್ದು ಹತ್ತಿರ ಹೋದರೆ ಓಡಿ ಬರುವ ಹುಡುಗಿಯ ಮೊಣಕೈ ಮೂಗಿಗೇ ಬರುವಂತಿತ್ತು. ಹಿಂದೆ ಮುಂದೆ ಸರಿದು ಸರಿದು, ಕೊನೆಗೆ ಹಲಗೆಯ ನೇರಕ್ಕೇ, ಪಕ್ಕದಲ್ಲಿ, ಬಿಸಿಲಿನಲ್ಲಿ ನೆಲದ ಮೇಲೆ ಹೊಟ್ಟೆಯೂರಿ ಮಲಗಿದರು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗಲಿ ಎಂದು ಮೇಡಂ ಕಣ್ಣು ಕಿರಿದು ಮಾಡಿದರು.

ಮೊದಮೊದಲು ಇಲ್ಲೂ ಎಡವಟ್ಟೇ. ನಿನ್ನೆ ಕಷ್ಟಪಟ್ಟು ಕಲಿತ ಬೆರಳು ಇಂದೂ ಒಂದು ಹೆಜ್ಜೆ ಮುಂಚೆಯೇ ಒತ್ತುತ್ತಿತ್ತು. ದೊಡ್ಡ ಕ್ಯಾಮೆರಾ ಹೇಳಿದ ಕೂಡಲೇ ತೆಗೆಯುತ್ತಿತ್ತು. ಹಾಗಾಗಿ ಬಂದದ್ದೆಲ್ಲ ಹುಡುಗಿ ಇನ್ನೂ ಓಡಿ ಬರುತ್ತಿರುವ ಚಿತ್ರಗಳು.

"ಥೂ, ಈ ಬೆರಳಿಗೆ ಬುದ್ಧಿ ಇಲ್ಲ," ಎಂದು ತಮ್ಮ ಕೈಗೆ ತಾವೇ ಒಂದೇಟು ಕೊಟ್ಟುಕೊಂಡು, ಕ್ಯಾಮೆರಾದ ಬಟನ್ ಒತ್ತಿ ಹಿಡಿದು ಬಿಡದೆ ಕಾದರು.

ಈ ಸಲ ಸಿಕ್ಕಿತು. ಶೂಸಿನ ಹೊಲಿಗೆ ಕೂಡ ಎಣಿಸುವಷ್ಟು ಸ್ಪಷ್ಟ. ಶೂಸಿನ ತುದಿ, ಅದರ ಮುಂದೆ ಒಂದು ಬೆರಳಗಲ ಮರ, ಆಮೇಲೆ ಬಿಳಿ ಗೆರೆ.

ಮೇಡಂ ಫೋಟೊವನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದರು. ಇದೊಂದು ಸಲ ಸರಿಯಾಗಿ ಹಾರಿರಬೇಕೆಂದು ಮತ್ತೆ ಹಾರಿಸಿದರು. ಮತ್ತೆ ಅದೇ ಬೆರಳಗಲ. ಇನ್ನೊಮ್ಮೆ. ಅಷ್ಟೇ. ಎದ್ದು, ಹುಡುಗಿಗೆ ಹಲಗೆಯ ಮೇಲೆ ಕಾಲಿಟ್ಟು ಅಲುಗದೆ ನಿಲ್ಲಲು ಹೇಳಿ, ತಮ್ಮ ಕುರ್ಚಿಗೆ ಹೋಗಿ ಕೂತರು. ಅಲ್ಲಿಂದ ಕಾಲು ಗೆರೆ ದಾಟಿತ್ತು. ಎದ್ದು ಹಲಗೆಯ ನೇರಕ್ಕೆ ಬಂದು ನೋಡಿದರು. ದಾಟಿರಲಿಲ್ಲ. ಮತ್ತೆ ಕುರ್ಚಿಗೆ ಹೋದರು. ಹಿಂದಿನಿಂದ ಓರೆಯಾಗಿ ನೋಡಿದಾಗ ಶೂಸಿನ ಮೂತಿ ಗೆರೆಯನ್ನು ಮರೆಮಾಡುತ್ತಿತ್ತು. ಮರೆಯಾದದ್ದನ್ನೆಲ್ಲ ಅವರು ದಾಟಿದ್ದು ಎಂದು ಬಾವುಟ ಎತ್ತಿದ್ದರು.

ಗೆರೆಯಿಂದ ಗೇಣು ಹಿಂದೆಯೇ ಕಾಲಿಡುವ ಸಾಧಾರಣ ಹುಡುಗಿಯರು ಆ ನೆರಳಿನ ಕುರ್ಚಿಗೆ ಯಾವತ್ತೂ ಸಿಕ್ಕಿಬಿದ್ದಿರಲಿಲ್ಲ. ಬೆರಳಗಲ ಬಿಟ್ಟು ಹಾರುವವರು, ಅಂದರೆ ನಿಜವಾಗಿ ಹಾರಬಲ್ಲವರು ಮಾತ್ರ ಸಿಕ್ಕಿಬಿದ್ದಿದ್ದರು. ಆ ಯೋಚನೆ ಬಂದದ್ದೇ ಮೇಡಂ ಕುರ್ಚಿ ಬಿಟ್ಟು ಎದ್ದರು. ಸೀಟಿ ಊದಿ ಎಲ್ಲರನ್ನೂ ಕರೆದರು. ನಗುತ್ತಿದ್ದವರನ್ನೂ ಬಿಡದೆ ಕರೆದರು.

"ಇವಳು ಗೆರೆ ದಾಟಿಲ್ಲ. ನಾನು ಕೂತಿದ್ದ ಜಾಗ ತಪ್ಪು. ಆಯ್ಕೆಗೆ ಇವಳೇ ಹೋಗೋದು."

ಕ್ಯಾಮೆರಾದ ಪುಟ್ಟ ಪರದೆಯನ್ನು ಹುಡುಗಿಗೆ ತೋರಿಸಿದರು. ಅವಳು ಕುಣಿಯುತ್ತಾಳೆಂದು ಎಲ್ಲರೂ ಕಾದರೆ ಅವಳು ಫೋಟೊದಿಂದ ಕಣ್ಣೇ ಎತ್ತಲಿಲ್ಲ.

"ಮೇಡಂ, ಹಾಗಾದ್ರೆ ನಮ್ಮಕ್ಕಂದು?"

ಮೇಡಂಗೆ ಅವಳಕ್ಕ ನೆನಪಾದಳು. ತೆಳ್ಳಗೆ, ಉದ್ದಕ್ಕೆ, ಗಾಳಿಯಲ್ಲಿ ಒಂದು ಕ್ಷಣ ಹೆಚ್ಚೇ ನಿಲ್ಲುವ ಹುಡುಗಿ. ಕೆಲವು ವರ್ಷಗಳ ಹಿಂದೆ ಅವಳಿಗೂ ಬಾವುಟದ ಮೇಲೆ ಬಾವುಟ. ಕೊನೆಗೊಂದು ದಿನ ಅಭ್ಯಾಸಕ್ಕೆ ಬರುವುದನ್ನೇ ನಿಲ್ಲಿಸಿದ್ದಳು. ಹಟ ಸಾಲದ ಹುಡುಗಿ ಎಂದು ಮೇಡಂ ಆಗ ಟೀಚರ್ಸ್ ರೂಮಿನಲ್ಲಿ ಅಂದದ್ದೂ ಉಂಟು.

ಸಂಜೆ ಚಿಕ್ಕ ಕ್ಯಾಮೆರಾವನ್ನು ಅಂಗಡಿಗೆ ವಾಪಸು ಕೊಟ್ಟು, ದೊಡ್ಡದಕ್ಕೆ ರಸೀದಿ ಬರೆಸಿದರು. ಮನೆಗೆ ಹೋಗೋಣವೇ ಎಂದು ಗಂಡ ಕೇಳಿದಾಗ ನೀವು ನಡೀರಿ ಎಂದು, ಒಬ್ಬರೇ ಬೇಕರಿಯತ್ತ ಹೊರಟರು. ನಾಳೆ ಹೇಳಿದರಾಯಿತು ಎಂದು ಮನಸ್ಸು ಅರ್ಧ ದಾರಿಯಲ್ಲಿ ಪುಸಲಾಯಿಸಿತು. ಮೇಡಂ ಹೆಜ್ಜೆಯನ್ನು ಇನ್ನೂ ಬಿರುಸು ಮಾಡಿದರು.

ಗಾಜಿನ ಪೆಟ್ಟಿಗೆಯ ಹಿಂದೆ ಅಕ್ಕ ಬ್ರೆಡ್ಡು ಕೊಯ್ಯುತ್ತಿದ್ದಳು. ಮೇಡಂ ಕೊರಳಿನ ಕ್ಯಾಮೆರಾ ಬಿಚ್ಚಿ, ಫೋಟೊ ತೆರೆದು ಅವಳ ಮುಂದೆ ಹಿಡಿದರು.

"ಇದು ನಿನ್ನ ತಂಗಿ ಕಾಲು. ದಾಟಿಲ್ಲ. ನಾನು ಓರೆಯಾಗಿ ಕೂತು ನೋಡ್ತಿದ್ದೆ. ನೀನೂ ದಾಟಿರಲಿಲ್ಲ ಅನ್ಸತ್ತೆ ಕಣೇ. ನನ್ನಿಂದ ದೊಡ್ಡ ತಪ್ಪಾಗೋಯ್ತು."

ಅಕ್ಕ ಕೈ ಒರೆಸಿಕೊಂಡು ಫೋಟೊವನ್ನು ಬಹಳ ಹೊತ್ತು ನೋಡಿದಳು.

"ದಾಟಿರಲಿಲ್ಲ ಮೇಡಂ. ನಂಗೆ ಆಗ್ಲೇ ಗೊತ್ತಿತ್ತು."

"ಗೊತ್ತಿದ್ರೆ ಒಂದು ಮಾತು ಹೇಳ್ಬಾರದಾಗಿತ್ತಾ?"

ಅಕ್ಕ ತಲೆ ಎತ್ತಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ದಿನಾ ಹೇಳ್ತಿದ್ದೆನಲ್ಲಾ ಮೇಡಂ."