ಅಕ್ಕನ ಬೋರ್ಡಿನ ದಪ್ಪ ಅಕ್ಷರ

ಬಾಗಲಕೋಟೆಯ ಪತ್ರಿಕಾ ಕಚೇರಿಯಲ್ಲಿ ಸುದ್ದಿಗಳಿಗೆ ತಲೆಬರಹ ಕೊಡುವುದು ನನ್ನ ಕೆಲಸ. ತುದಿ ದುಂಡಗಿರುವ ದಪ್ಪ ಅಕ್ಷರವನ್ನು ನಾವು ಸುಮ್ಮನೆ ಬಳಸುವುದಿಲ್ಲ. ಊರೆಲ್ಲ ನಿಂತು ಓದಬೇಕಾದ ಸುದ್ದಿಗೆಂದು ಅದನ್ನು ಎತ್ತಿಟ್ಟಿರುತ್ತೇವೆ. ಇಳಕಲ್ಲಿನಲ್ಲಿರುವ ನನ್ನ ಅಕ್ಕ ಅಂಗಡಿಯ ಬೋರ್ಡಿಗೆ ಅದೇ ಅಕ್ಷರ ಬೇಕೆಂದಾಗ, ಅತಿಯಾಯಿತು ಎಂದೇ ನನಗನಿಸಿತು.

ಅಕ್ಕನದು ಮಗ್ಗದ ಕೆಲಸ. ಮದುವೆಯಾದಾಗಿನಿಂದ ಅವಳು ನೇಯ್ದ ಸೀರೆಗಳನ್ನೆಲ್ಲ ಎದುರು ಸಾಲಿನ ಸಾವಕಾರರೇ ಕೊಂಡು, ತಮ್ಮ ಅಂಗಡಿಯ ಹೆಸರಿನಲ್ಲಿ ಮಾರುತ್ತಿದ್ದರು. ಈ ವರ್ಷ ಅವಳು ರಸ್ತೆ ಬದಿಯ ಕೋಣೆಗೆ ಹೊಸ ಬಾಗಿಲು ಕೂಡಿಸಿ, ತಾನೇ ಮಾರಲು ಹೊರಟಳು. ಬೋರ್ಡಿನ ಮೇಲೆ ಇರಬೇಕಾದದ್ದು ಇಷ್ಟೇ: ‘ನಾವೇ ನೇಯ್ದ ಸೀರೆ’.

ನಾನು ಕಚೇರಿಯಿಂದ ತೆಳ್ಳಗಿನ, ಲಕ್ಷಣವಾದ ಅಕ್ಷರದ ಮಾದರಿಯೊಂದನ್ನು ಒಯ್ದೆ. ಅಕ್ಕ ಅದನ್ನು ಗೋಡೆಗೆ ಒತ್ತಿ ಹಿಡಿದು, ನನ್ನನ್ನು ರಸ್ತೆಯ ಆಚೆ ಕಳಿಸಿದಳು.

“ಕಾಣ್ತದೇನೋ ತಮ್ಮಾ?”

“ಇಲ್ಲಕ್ಕಾ.”

“ಮತ್ತ? ಕಸಬರಗಿ ಕಡ್ಡಿ ಹರವಿದಂಗ ಐತಿ.”

ಕೊನೆಗೆ ತಾನೇ ಬರೆದಳು. ಸೀರೆಯ ದಡಿಯ ಹೂವು ಬರೆಯುವ ಚೌಕದ ಹಾಳೆ ತೆಗೆದು, ಚೌಕದ ಮನೆಗಳನ್ನು ಎಣಿಸಿ, ಒಂದೊಂದೇ ತುಂಬಿದಳು. ಮಗ್ಗದವರಿಗೆ ಅದೇ ರೂಢಿ. ಹುನಗುಂದದಲ್ಲಿ ಬೋರ್ಡು ಬರೆಯುವವನು ಹಾಳೆ ನೋಡಿ ನಕ್ಕುಬಿಟ್ಟ.

“ಅಕ್ಕಾರ, ಇವು ಅಕ್ಷರಾನೋ ಬಾದಾಮಿ ಗುಡ್ಡದ ಮೆಟ್ಟಲಾನೋ? ಒಂದೂ ದುಂಡಗಿಲ್ಲಲ್ರಿ!”

“ನೇಯ್ದ್ರ ಸೀರ್ಯಾಗ ಇವ ದುಂಡಗ ಕಾಣ್ತಾವಲೋ ಮಾರಾಯಾ,” ಎಂದು ಅಕ್ಕನೂ ನಕ್ಕಳು. ಅವನ ಬಣ್ಣದ ಡಬ್ಬಿಗಳ ಮುಚ್ಚಳಗಳನ್ನೇ ಆರಿಸಿ, ಪ್ರತಿ ತುದಿಗೂ ಇಟ್ಟು ಗೆರೆ ಎಳೆಸಿದಳು. “ದುಂಡಗ ಮಾಡು. ಆದ್ರ ದಪ್ಪ ಒಂದ ಎಳಿ ಕಡಿಮಿ ಆಗಬಾರದು.”

ಬೋರ್ಡು ಏರಿದ ದಿನವೇ ಸಾವಕಾರರು ಬಂದರು. ಅಕ್ಕ ಮಗ್ಗದಲ್ಲಿ ಕುಳಿತಿದ್ದಳು. ಅವರಿಗೆಂದೇ ನೇಯುತ್ತಿದ್ದ ಸೀರೆ ಅರ್ಧಕ್ಕೆ ಬಂದಿತ್ತು.

“ತಂಗೆವ್ವಾ, ನೀ ಮಾರು, ಬ್ಯಾಡನ್ನೂದಿಲ್ಲ. ಇಷ್ಟು ಒದರೂದ್ಯಾಕ? ಸಣ್ಣಗ ಬರಸು. ಇಲ್ಲಂದ್ರ ಇನ್ನ ಮುಂದ ನಿನ್ನ ಸೀರಿ ನಮಗ ಬ್ಯಾಡ.”

ಅವರು ಕೈಬಿಟ್ಟರೆ ಕೊಳ್ಳುವವರು ಬೇರೆ ಯಾರೂ ಇನ್ನೂ ಇರಲಿಲ್ಲ. ಅಕ್ಷರ ಸ್ವಲ್ಪ ಸಣ್ಣದಾದರೆ ಏನಾದೀತು ಎಂದು ನಾನು ಒಳಗೇ ಲೆಕ್ಕ ಹಾಕುತ್ತಿದ್ದೆ. ಅಕ್ಕ ಮಾತ್ರ ನೇಯುವುದನ್ನು ನಿಲ್ಲಿಸಲಿಲ್ಲ. ಸಾವಕಾರರು ಅದೇ ಮಾತನ್ನು ಗಟ್ಟಿಯಾಗಿ ಹೇಳಿದರು. ಮಗ್ಗದ ಸಪ್ಪಳ ನಡೆದೇ ಇತ್ತು. ಕೊನೆಗೆ ಕೂಗಿಯೇಬಿಟ್ಟರು. ಆಗ ಅವಳ ಕೈ ನಿಂತಿತು.

“ನೋಡ್ರಿ ಸಾವ್ಕಾರ್ರ, ಈ ಸಪ್ಪಳದಾಗ ನೀವೂ ಒದರಬೇಕಾತು. ನಾ ಹುಟ್ಟಿದಾಗಿಂದ ಇದರಾಗ ಅದೇನಿ. ಸಣ್ಣಗ ಹೆಂಗ ಬರಸ್ಲಿ?”

“ಹಂಗಾರ ಈ ಸೀರಿ?”

“ಮುಗಸ್ತೇನಿ. ಬೋರ್ಡಿನ ಕೆಳಗ ತೂಗಹಾಕ್ತೇನಿ. ಬೇಕಂದ್ರ ಬಂದು ತಗೋರಿ, ಎಲ್ಲಾ ಗಿರಾಕಿ ಬಂದಂಗ.”

ಅವರು ಚಪ್ಪಲಿ ಮೆಟ್ಟಿ ಹೊರಟರು. ಅಕ್ಕ ಮತ್ತೆ ಲಾಳಿ ಎಸೆದಳು.

ಆ ಸೀರೆ ಮುಗಿದು ಈಗ ಬೋರ್ಡಿನ ಕೆಳಗೆ ತೂಗುತ್ತಿದೆ. ಸಾವಕಾರರು ಇನ್ನೂ ಬಂದಿಲ್ಲ. ಹೋದ ವಾರ ಅಕ್ಕ ಹುನಗುಂದದವನನ್ನು ಕರೆಸಿ, ಅಕ್ಷರಗಳಿಗೆ ಇನ್ನೊಂದು ಕೈ ಬಣ್ಣ ಬಳಿಸಿದಳು.